ಲೀಸ್‌ಗೆ ಸಹಿ ಹಾಕುವ ಮುಂಚೆ ಇದನ್ನು ಓದು

ಪ್ರೀತಿಯ ಗೆಳೆಯ,

ಮೊನ್ನೆ ರಾತ್ರಿ ಫೋನಿನಲ್ಲಿ ನೀನು ಕೇಳಿದ್ದು ಒಂದೇ ಪ್ರಶ್ನೆ. "ಗಾಂಜಾ ಅಂಗಡಿ ಲೈಸೆನ್ಸಿಗೆ ಎಷ್ಟು ಖರ್ಚಾಗುತ್ತೆ?" ಪ್ಲಾಜಾದಲ್ಲಿ ಒಂದು ಮಳಿಗೆ ಖಾಲಿಯಾಗಿದೆ, ಮಾಲೀಕ ಈ ವಾರವೇ ಅಡ್ವಾನ್ಸ್ ಕೇಳ್ತಿದ್ದಾನೆ, ಬೇಗ ಹೇಳು ಅಂದೆ. ಅದು ನಾನು ಅಂಗಡಿ ಮುಚ್ಚುವ ಹೊತ್ತು, ಸರಿಯಾಗಿ ಮಾತಾಡಲು ಆಗಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ಕೇಳುವ ನಮ್ಮವರು ಇಲ್ಲಿ ಇನ್ನೂ ಕೆಲವರಿದ್ದಾರೆ. ಹಾಗಾಗಿ ನಿನ್ನ ಹೆಸರು ಬಿಟ್ಟು ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ. ಬೇಜಾರು ಮಾಡಿಕೊಳ್ಳಬೇಡ.

ಮೊದಲು ನೀನು ಕೇಳಿದ್ದಕ್ಕೇ ಉತ್ತರ. ಇಲ್ಲಿ, ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ, ಲೈಸೆನ್ಸ್ ಕೊಡುವುದು ಆಲ್ಕೋಹಾಲ್ ಅಂಡ್ ಗೇಮಿಂಗ್ ಕಮಿಷನ್. ಇಲ್ಲಿ ಎಲ್ಲರ ಬಾಯಲ್ಲೂ ಅದು ಎಜಿಸಿಓ. ಒಂದು ಲೈಸೆನ್ಸ್ ಅಲ್ಲ, ಮೂರು ಕಾಗದ. ವ್ಯಾಪಾರ ಮಾಡುವವನಿಗೆ ಆಪರೇಟರ್ ಲೈಸೆನ್ಸ್, ಆ ಜಾಗಕ್ಕೆ ಸ್ಟೋರ್ ಆಥರೈಸೇಶನ್, ಅಂಗಡಿ ನೋಡಿಕೊಳ್ಳುವವನಿಗೆ ಮ್ಯಾನೇಜರ್ ಲೈಸೆನ್ಸ್. ನಾನು ಕಟ್ಟಿದಾಗ ಕ್ರಮವಾಗಿ 6,000, 4,000 ಮತ್ತು 750 ಡಾಲರ್ ಇತ್ತು. ಅಂದರೆ 10,750. ನೋಡು, ಇದು ಇಡೀ ಖರ್ಚಿನಲ್ಲಿ ಅತಿ ಚಿಕ್ಕ ಭಾಗ. ದುಡ್ಡು ತಿನ್ನುವುದು ಬಾಡಿಗೆ. ಅಂಗಡಿ ತೆರೆಯದೆ, ಒಂದು ಪೊಟ್ಟಣವನ್ನೂ ಮಾರದೆ, ಸುಮ್ನೆ ಕಾಯುತ್ತಾ ತಿಂಗಳು ತಿಂಗಳು ಕಟ್ಟುವ ಬಾಡಿಗೆ.

ನನಗೇನಾಯಿತು ಅಂತ ನಿನಗೆ ಪೂರ್ತಿ ಹೇಳಿಲ್ಲ. ಈಗ ಹೇಳುತ್ತೇನೆ.

ಕೆನಡಾದಲ್ಲಿ ಗಾಂಜಾ ಕಾನೂನುಬದ್ಧವಾಗಿದ್ದು 2018ರ ಅಕ್ಟೋಬರ್ 17ರಂದು. ಒಂಟಾರಿಯೊದಲ್ಲಿ ಮೊದಲು ಯಾರು ಬೇಕಾದರೂ ಅಂಗಡಿ ಹಾಕುವ ಹಾಗಿರಲಿಲ್ಲ. 2019ರ ಜನವರಿಯಲ್ಲಿ ಲಾಟರಿ ಎತ್ತಿ ಬರೀ 25 ಜನರಿಗೆ ಅವಕಾಶ ಕೊಟ್ಟರು. ಆ ವರ್ಷದ ಏಪ್ರಿಲ್ 1ಕ್ಕೆ ಮೊದಲ ಅಂಗಡಿಗಳು ಬಾಗಿಲು ತೆರೆದವು. ಆಮೇಲೆ ಇನ್ನೊಂದು ಲಾಟರಿ. 2020ರ ಜನವರಿಯಲ್ಲಿ ಲಾಟರಿ ಪದ್ಧತಿಯೇ ಹೋಗಿ ಎಲ್ಲರಿಗೂ ಅರ್ಜಿ ತೆರೆದಾಗ, ಒಳ್ಳೆಯ ಜಾಗ ಬೇರೆಯವರ ಪಾಲಾಗುತ್ತೆ ಅನ್ನುವ ಭಯ ಎಲ್ಲರಿಗೂ. ನನಗೂ ಅದೇ ಭಯ. ಬ್ರಾಂಪ್ಟನ್‌ನಲ್ಲಿ ಒಂದು ಮೂಲೆ ಮಳಿಗೆ ಸಿಕ್ಕಿತು. ಮುಂದೆ ಪಾರ್ಕಿಂಗ್, ಎದುರಿಗೆ ಬಸ್ ಸ್ಟಾಪ್. ಮರುದಿನವೇ ಸಹಿ ಹಾಕಿದೆ.

ಶಾಲೆಯಿಂದ 150 ಮೀಟರ್ ಒಳಗೆ ಅಂಗಡಿ ಇರಬಾರದು ಅನ್ನುವ ನಿಯಮ ನನಗೆ ಗೊತ್ತಿತ್ತು. ಮ್ಯಾಪಿನಲ್ಲಿ ನೋಡಿದ್ದೆ. ಹತ್ತಿರದ ಸರ್ಕಾರಿ ಶಾಲೆ ಅರ್ಧ ಕಿಲೋಮೀಟರ್ ಆಚೆ ಇತ್ತು. ಆದರೆ ಹಿಂದಿನ ಬೀದಿಯ ಆಫೀಸು ಕಟ್ಟಡದ ಎರಡನೇ ಮಹಡಿಯಲ್ಲಿ ಒಂದು ಸಣ್ಣ ಖಾಸಗಿ ಶಾಲೆ ಇತ್ತು. ಮೂವತ್ತು ಮಕ್ಕಳೂ ಇರಲಿಲ್ಲ. ಹೊರಗೆ ದೊಡ್ಡ ಬೋರ್ಡೂ ಇಲ್ಲ. ನಿಯಮದ ಪ್ರಕಾರ ಖಾಸಗಿ ಶಾಲೆಯೂ ಶಾಲೆಯೇ. ಕಟ್ಟಡದಲ್ಲಿ ಬೇರೆ ಆಫೀಸುಗಳಿದ್ದರೆ ಶಾಲೆ ಇರುವ ಭಾಗದ ಅಂಚಿನಿಂದ ಅಳೆಯುತ್ತಾರೆ. ಶಾಲೆಯೇ ಮುಖ್ಯವಾದರೆ ಕಾಂಪೌಂಡಿನ ಗಡಿಯಿಂದ. ನಾನು ಆಮೇಲೆ ಅಳೆದಾಗ 138 ಮೀಟರ್ ಬಂತು. ಹನ್ನೆರಡೇ ಮೀಟರ್ ಕಡಿಮೆ. ಆ ಜಾಗ ಅಲ್ಲಿಗೆ ಮುಗಿಯಿತು. ಮಾಲೀಕ ಲೀಸ್ ಬಿಡಲು ಒಪ್ಪಲಿಲ್ಲ. ಐದು ತಿಂಗಳ ಬಾಡಿಗೆ, ಡೆಪಾಸಿಟ್ಟು, ಎರಡೂ ಹೋದವು. ಅದು ನನ್ನ ಹೆಂಡತಿ ರಾತ್ರಿ ಪಾಳಿ ಮಾಡಿ ಉಳಿಸಿದ ದುಡ್ಡು. ಆ ತಿಂಗಳುಗಳಲ್ಲಿ ನಮ್ಮ ಮನೆಯಲ್ಲಿ ಮಾತೇ ಕಡಿಮೆಯಾಗಿತ್ತು.

ಅದಕ್ಕೇ ಹೇಳುವುದು. ಲೀಸ್‌ನಲ್ಲಿ ಒಂದು ಷರತ್ತು ಬರೆಸು. ಎಜಿಸಿಓ ಒಪ್ಪಿಗೆ ಸಿಗದಿದ್ದರೆ ಒಪ್ಪಂದ ರದ್ದು, ಡೆಪಾಸಿಟ್ ವಾಪಸ್. ಮಾಲೀಕ ಒಪ್ಪದಿದ್ದರೆ ಆ ಜಾಗ ಬೇಡ. ಎಷ್ಟೇ ಚೆನ್ನಾಗಿರಲಿ, ಬೇಡ. ಇನ್ನೊಂದು ವಿಷಯ, ಊರು ಯಾವುದು ಅಂತಲೂ ನೋಡು. ಅಂಗಡಿ ಬೇಡ ಅನ್ನುವ ಹಕ್ಕು ಇಲ್ಲಿಯ ನಗರಸಭೆಗಳಿಗೆ ಇತ್ತು. ಬ್ರಾಂಪ್ಟನ್ ಶುರುವಿನಲ್ಲೇ ಒಪ್ಪಿತು. ಪಕ್ಕದ ಮಿಸ್ಸಿಸಾಗಾ ಒಪ್ಪಿದ್ದು 2023ರಲ್ಲಿ.

ನಿನ್ನ ದಿನಸಿ ಅಂಗಡಿಯ ಹಿಂದೆಯೇ ಒಂದು ಮೂಲೆಯಲ್ಲಿ ಕೌಂಟರ್ ಇಡಬಹುದಾ ಅಂತಲೂ ಕೇಳಿದೆಯಲ್ಲ. ಆಗುವುದಿಲ್ಲ. ಗಾಂಜಾ ಅಂಗಡಿಗೆ ನಾಲ್ಕೂ ಕಡೆ ತನ್ನದೇ ಗೋಡೆ ಇರಬೇಕು, ಬೇರೆ ವ್ಯಾಪಾರದ ಜೊತೆ ಸೇರಿರಬಾರದು. ಬೇಳೆ ಕೊಳ್ಳಲು ಬಂದವರು ಅದರೊಳಗೆ ಹಾದುಹೋಗುವ ಹಾಗಿರಬಾರದು. ಮಾಲು ಹೊರಗಿನಿಂದ ಮಕ್ಕಳ ಕಣ್ಣಿಗೆ ಬೀಳಬಾರದು.

ಅರ್ಜಿ ಹಾಕಿದ ಮೇಲೆ ಅವರು ನಿನ್ನ ಇಡೀ ಜೀವನ ತೆರೆದು ನೋಡುತ್ತಾರೆ. ಪೊಲೀಸ್ ದಾಖಲೆ, ತೆರಿಗೆ ಬಾಕಿ ಇಲ್ಲ ಅನ್ನುವ ದೃಢೀಕರಣ, ಸಾಲ, ಯಾರು ಎಷ್ಟು ಹಾಕಿದರು, ಆ ದುಡ್ಡು ಎಲ್ಲಿಂದ ಬಂತು. ಭಾವ ಕೈಗಡ ಕೊಟ್ಟ ಅಂದರೆ ಸಾಲದು, ಅದಕ್ಕೂ ಕಾಗದ ಬೇಕು. ದಾವಣಗೆರೆಯ ಸೈಟು ಮಾರಿ ದುಡ್ಡು ತರಿಸುತ್ತೇನೆ ಅಂದೆ. ದಯವಿಟ್ಟು ಆ ಕೆಲಸ ಮಾಡಬೇಡ. ಊರಿನ ದುಡ್ಡು ಈ ವ್ಯಾಪಾರಕ್ಕೆ ಬೇಡವೇ ಬೇಡ. ಯಾಕೆ ಅಂತ ಹೇಳುತ್ತೇನೆ. ಈ ಪತ್ರ ಬರೆಯಲು ಕೂತಿದ್ದೇ ಮುಖ್ಯವಾಗಿ ಇದಕ್ಕೆ.

ನಿನ್ನ ಕೈಯಲ್ಲಿರುವುದು ಇನ್ನೂ ಭಾರತದ ಪಾಸ್‌ಪೋರ್ಟ್. ನಮ್ಮ ದೇಶದ ಮಾದಕ ವಸ್ತು ಕಾನೂನು, 1985ರ ಎನ್‌ಡಿಪಿಎಸ್ ಕಾಯ್ದೆ, ಅದರ ಮೊದಲನೇ ಕಲಮನ್ನೇ ತೆಗೆದು ಓದು. ಭಾರತದ ಹೊರಗಿರುವ ಭಾರತೀಯ ನಾಗರಿಕರಿಗೂ ಇದು ಅನ್ವಯಿಸುತ್ತದೆ ಅಂತ ಬರೆದಿದೆ. ಇಲ್ಲಿಯವರು ನಿನಗೆ ಲೈಸೆನ್ಸ್ ಕೊಟ್ಟರೂ ಆ ಸಾಲು ಅಳಿಸಿ ಹೋಗುವುದಿಲ್ಲ. ನೀನು ವರ್ಷಕ್ಕೊಮ್ಮೆ ಅಪ್ಪ ಅಮ್ಮನನ್ನು ನೋಡಲು ಬೆಂಗಳೂರಿನಲ್ಲಿ ಇಳಿಯುವವನು. ಅಮೆರಿಕದ ಗಡಿಯ ಕಥೆಯೂ ಹಾಗೇ. ಗಾಂಜಾ ಉದ್ಯಮದಲ್ಲಿರುವವರು ಬೇರೆ ಕೆಲಸಕ್ಕೆ ಬಂದರೆ ಸಾಮಾನ್ಯವಾಗಿ ಒಳಗೆ ಬಿಡುತ್ತೇವೆ ಅಂತ ಅವರ ಗಡಿ ಇಲಾಖೆ 2018ರ ಅಕ್ಟೋಬರ್‌ನಲ್ಲಿ ಹೇಳಿತು. ಆದರೆ ಆ ಮಾತು ಹೇಳಿದ್ದು ಕೆನಡಾ ಪ್ರಜೆಗಳಿಗೆ. ನಿನ್ನ ಅಕ್ಕ ಇರುವುದು ನ್ಯೂಜೆರ್ಸಿಯಲ್ಲಿ, ಅಲ್ವಾ? ಅವರ ಮಗಳ ಮದುವೆಗೆ ಹೋಗುವಾಗ "ಏನು ಕೆಲಸ?" ಅಂತ ಕೇಳಿದರೆ ನಿಜ ಹೇಳಲೇಬೇಕು. ಸುಳ್ಳು ಹೇಳಿದರೆ ಅದು ಇನ್ನೂ ದೊಡ್ಡ ತಪ್ಪಾಗುತ್ತದೆ.

ನಾನು ಅರ್ಜಿ ಹಾಕುವ ಹೊತ್ತಿಗೆ ಇಲ್ಲಿಯ ಪೌರತ್ವ ತಗೊಂಡಾಗಿತ್ತು. ಪೌರತ್ವಕ್ಕೆ ಇಲ್ಲಿ ವಾಸವಿರಬೇಕಾದ 1,095 ದಿನ ನಿನಗೆ ತುಂಬಲು ಇನ್ನು ಒಂದು ವರ್ಷವೂ ಇಲ್ಲ. ಕಾಯಿ. ಕಾಯಲು ಆಗಲ್ಲ ಅನ್ನುವುದಾದರೆ ಭಾರತದ ಕಾನೂನು, ವಲಸೆ ಕಾನೂನು ಎರಡೂ ಬಲ್ಲ ವಕೀಲರ ಹತ್ತಿರ ಕೂತು ಮಾತಾಡು. ನಮ್ಮ ಕನ್ನಡ ಸಂಘದಲ್ಲಿ ಯಾರೋ "ಏನೂ ಆಗಲ್ಲ ಬಿಡು" ಅಂದರು ಅಂತ ನಂಬಬೇಡ.

ವ್ಯಾಪಾರ ಹೇಗಿದೆ ಅಂತಲೂ ನೇರವಾಗಿ ಹೇಳುತ್ತೇನೆ. ಒಂಟಾರಿಯೊದಲ್ಲಿ ಅಂಗಡಿಗಳು 1,700 ದಾಟಿವೆ. ಟೊರಾಂಟೊದ ಕ್ವೀನ್ ಸ್ಟ್ರೀಟ್‌ನಲ್ಲಿ ನಡೆದರೆ ಒಂದರ ಪಕ್ಕ ಒಂದು ಕಾಣುತ್ತದೆ. ಎಲ್ಲರೂ ಮಾಲು ತರುವುದು ಒಂದೇ ಕಡೆಯಿಂದ, ಪ್ರಾಂತ್ಯದ ಒಡೆತನದ ಸಗಟು ಸಂಸ್ಥೆ ಓಸಿಎಸ್‌ನಿಂದ. ಹಾಗಾಗಿ ಪಕ್ಕದವನು ದರ ಇಳಿಸಿದರೆ ನೀನೂ ಇಳಿಸಬೇಕು. ಅದರಲ್ಲಿ ಉಳಿಯುವುದು ಜಾಸ್ತಿ ಏನಿಲ್ಲ. ಒಂದು ಬ್ಯಾಂಕು ನನ್ನ ಖಾತೆ ಮುಚ್ಚಿಸಿತು, ಕಾರಣ ಹೇಳಲೂ ಇಲ್ಲ. ಕೊನೆಗೆ ಒಂದು ಕ್ರೆಡಿಟ್ ಯೂನಿಯನ್ ಕೈ ಹಿಡಿಯಿತು.

ಇಷ್ಟೆಲ್ಲ ಇದ್ದರೂ ನಾನು ಯಾಕೆ ಬಿಡಲಿಲ್ಲ ಅಂತ ಕೇಳುತ್ತೀಯ. ಎರಡನೇ ಜಾಗದಲ್ಲಿ ಅರ್ಜಿ ಹಾಕಿದ ಮೇಲೆ ಅಂಗಡಿಯ ಗಾಜಿಗೆ ಎಜಿಸಿಓ ಫಲಕ ಬಂತು. ಇಲ್ಲಿ ಗಾಂಜಾ ಅಂಗಡಿ ಬರಲಿದೆ, ಅಕ್ಕಪಕ್ಕದವರು 15 ದಿನದೊಳಗೆ ಅಭಿಪ್ರಾಯ ತಿಳಿಸಬಹುದು ಅಂತ. ಒಂದು ಮಧ್ಯಾಹ್ನ ನಾನು ಒಳಗೆ ಗೋಡೆಗೆ ಬಣ್ಣ ಬಳಿಯುತ್ತಿದ್ದೆ. ಹೊರಗೆ ಒಬ್ಬ ಅಜ್ಜಿ ನಿಂತಿದ್ದರು. ಕೈಯಲ್ಲಿ ಬ್ರೆಡ್ಡಿನ ಚೀಲ. ಕನ್ನಡಕ ಹಣೆಗೇರಿಸಿ, ಗಾಜಿಗೆ ಬೆರಳಿಟ್ಟು ಒಂದೊಂದೇ ಸಾಲು ಓದುತ್ತಿದ್ದರು. ನಾನು ಕುಂಚ ಕೆಳಗಿಟ್ಟು ಹೊರಗೆ ಹೋದೆ. ಅವರು ಬೈಯಲಿಲ್ಲ. "ನನ್ನ ಮೊಮ್ಮಗ ಇದೇ ದಾರಿಯಲ್ಲಿ ಬಸ್ಸಿಗೆ ಹೋಗ್ತಾನೆ. ಅವನು ಒಳಗೆ ಬಂದರೆ ಏನು ಮಾಡ್ತೀಯ?" ಅಂತ ಕೇಳಿದರು. 19 ತುಂಬದವರನ್ನು ಒಳಗೇ ಬಿಡುವಂತಿಲ್ಲ, 25ಕ್ಕಿಂತ ಚಿಕ್ಕವರ ಹಾಗೆ ಕಂಡ ಪ್ರತಿಯೊಬ್ಬರ ಗುರುತಿನ ಚೀಟಿಯನ್ನೂ ನೋಡಬೇಕು ಅಂದೆ. "ನೋಡ್ತೀಯಲ್ಲ?" ಅಂದರು. "ನೋಡ್ತೀನಿ" ಅಂದೆ. ಈಗಲೂ ಬಾಗಿಲ ಹತ್ತಿರ ಯಾವ ಹುಡುಗ ನಿಂತರೂ ನನಗೆ ಆ ಬೆರಳು ನೆನಪಾಗುತ್ತದೆ.

ತೆರೆಯುವ ಮುಂಚೆ ಅಧಿಕಾರಿ ಬಂದು ತಪಾಸಣೆ ಮಾಡಿದರು. ಬೀಗ, ದಾಸ್ತಾನು ಕೋಣೆ, ಕ್ಯಾಮೆರಾ. ರೆಕಾರ್ಡಿಂಗ್ ಕಡಿಮೆಯೆಂದರೂ 30 ದಿನ ಇಟ್ಟಿರಬೇಕು. ಮಾಲು ಇಳಿಸುವ ಬಾಗಿಲು ಒಂದು ಕ್ಯಾಮೆರಾದಲ್ಲಿ ಅರ್ಧ ಮಾತ್ರ ಕಾಣುತ್ತಿತ್ತು. ಸರಿಪಡಿಸಿ ಮತ್ತೆ ತೋರಿಸಬೇಕಾಯಿತು. ಕೆಲಸದವರೆಲ್ಲ ಗಾಂಜಾ ಮಾರುವವರಿಗೆಂದೇ ಇರುವ ಕ್ಯಾನ್‌ಸೆಲ್ (CannSell) ಅನ್ನುವ ತರಬೇತಿ ಮುಗಿಸಿರಬೇಕು. ತಿಂಗಳ ಲೆಕ್ಕ ಕೊಡಬೇಕು. ಒಮ್ಮೆ ಎಣಿಸುವಾಗ ಒಂದು ಪೊಟ್ಟಣ ಕಡಿಮೆ ಬಂತು. 3.5 ಗ್ರಾಂ. ರಾತ್ರಿ ಒಂದೂವರೆವರೆಗೆ ಮೂರು ಜನ ಹುಡುಕಿದೆವು. ಡ್ರಾಯರ್ ಪೂರ್ತಿ ಹೊರಗೆಳೆದಾಗ ಹಿಂದಿನ ಸಂದಿಯಲ್ಲಿ ಸಿಕ್ಕಿತು. ಆ ಪೊಟ್ಟಣ ಕೈಗೆ ಬಂದಾಗ ಆದ ಸಮಾಧಾನ ಈಗಲೂ ನೆನಪಿದೆ.

ಮಂಡಿನೋವಿನ ಹಿರಿಯರು ಬರುತ್ತಾರೆ. "ಇದರಿಂದ ವಾಸಿಯಾಗುತ್ತಾ?" ಅಂತ ಕೇಳುತ್ತಾರೆ. ಹೌದು ಅನ್ನುವ ಹಾಗಿಲ್ಲ, ಅನ್ನಲೂಬಾರದು. ನಾವು ಡಾಕ್ಟರಲ್ಲ. ತಿನ್ನುವ ಪದಾರ್ಥದ ಒಂದು ಪೊಟ್ಟಣದಲ್ಲಿ ಟಿಎಚ್‌ಸಿ, ಅಂದರೆ ಅಮಲು ತರುವ ಅಂಶ, 10 ಮಿಲಿಗ್ರಾಂ ಮೀರುವಂತಿಲ್ಲ. ಮೊದಲ ಸಲ ತಿನ್ನುವವರಿಗೆ ಅದೂ ಜಾಸ್ತಿ. ಕಾಲು ಭಾಗ ಮಾತ್ರ ತಗೊಳ್ಳಿ, ಎರಡು ಗಂಟೆ ಕಾಯಿರಿ, ಏನೂ ಆಗಲಿಲ್ಲ ಅಂತ ಇನ್ನೊಂದು ತುಂಡು ಬಾಯಿಗೆ ಹಾಕಬೇಡಿ. ಇದನ್ನು ದಿನಕ್ಕೆ ಇಪ್ಪತ್ತು ಸಲ ಹೇಳುತ್ತೇನೆ, ಬೇಸರ ಬರುವುದಿಲ್ಲ. ಬೀದಿಯಲ್ಲಿ ಮಾರುವವನು ಇದನ್ನು ಹೇಳಿ ಕಳಿಸುವುದಿಲ್ಲವಲ್ಲ.

ಅಮ್ಮನಿಗೆ ಹೇಳುವುದೇ ಎಲ್ಲಕ್ಕಿಂತ ಕಷ್ಟವಾಯಿತು. ನಮ್ಮ ಕಡೆ ಗಾಂಜಾ ಅಂದರೆ ಪೊಲೀಸ್ ಕೇಸು. ಬಂಗಿ ಸೊಪ್ಪು ಅಂದರೆ ಮಠದ ಕಟ್ಟೆಯ ಮೇಲೆ ಕೂತ ಸಾಧುಗಳು. ಇವೆರಡರ ನಡುವೆ ರಸೀದಿ ಕೊಟ್ಟು, ತೆರಿಗೆ ಕಟ್ಟಿ ಮಾರುವ ಅಂಗಡಿಯನ್ನು ಅವರು ಊಹಿಸುವುದು ಹೇಗೆ? ನಾನು ಫೋನ್ ಹಿಡಿದು ಅಂಗಡಿಯನ್ನೆಲ್ಲ ತೋರಿಸಿದೆ. ಲೈಸೆನ್ಸ್ ತೋರಿಸಿದೆ. ಬಾಗಿಲ ಮೇಲಿನ ಸರ್ಕಾರಿ ಮುದ್ರೆ ತೋರಿಸಿದೆ. ಅಮ್ಮ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ "ಸಣ್ಣ ಹುಡುಗರಿಗೆ ಕೊಡಬೇಡಪ್ಪ" ಅಂದರು. ಸಾವಿರಾರು ಮೈಲಿ ಆಚೆ ಕೂತು ಆ ಅಜ್ಜಿಯ ಮಾತನ್ನೇ ಆಡಿದರು.

ಭಾನುವಾರ ಬೆಳಿಗ್ಗೆ ಬಿಡುವಾಗಿದ್ದೇನೆ. ಆ ಪ್ಲಾಜಾ ಹತ್ತಿರ ಸಿಗು. ಅಳೆಯುವ ಚಕ್ರ ನನ್ನ ಹತ್ತಿರ ಇದೆ, ತರುತ್ತೇನೆ. ಸುತ್ತಲಿನ ಒಂದೊಂದು ಕಟ್ಟಡದ ಒಳಗೂ ಹೋಗಿ, ಪ್ರತಿ ಮಹಡಿಯ ಬೋರ್ಡು ಓದೋಣ. ನಿನ್ನ ಪಾಸ್‌ಪೋರ್ಟಿನ ವಿಷಯ ತೀರ್ಮಾನ ಆಗದೆ ಮಾಲೀಕನಿಗೆ ಮಾತು ಕೊಡಬೇಡ. ಲೀಸ್ ಕಾಗದ ತಗೊಂಡು ಬಾ, ಸಹಿ ಮಾಡದೆ.

ನಿನ್ನ ಗೆಳೆಯ