ಒತ್ತೆಯಾಳಿನ ಮನೆಯವರ ಜೊತೆ ಮಾತಾಡುವವರು ಯಾರು?

ಮಾನ್ಯ ವಿದೇಶಾಂಗ ಸಚಿವ ಡಾ. ಎಸ್. ಜೈಶಂಕರ್ ಅವರಿಗೆ,

1984ರಲ್ಲಿ ಇಂಡಿಯನ್ ಏರ್‌ಲೈನ್ಸ್ ವಿಮಾನ ಅಪಹರಣವಾದಾಗ ಅದನ್ನು ನಿಭಾಯಿಸುತ್ತಿದ್ದ ತಂಡದಲ್ಲಿ ತಾವಿದ್ದಿರಿ. ತಮ್ಮ ತಂದೆಯವರು ಅದೇ ವಿಮಾನದಲ್ಲಿದ್ದರು. 2024ರಲ್ಲಿ ಜಿನೀವಾದಲ್ಲಿ ತಾವೇ ಇದನ್ನು ಹೇಳಿದಿರಿ. ಸರ್ಕಾರದ ಕಷ್ಟವನ್ನೂ ಮನೆಯವರ ಸಂಕಟವನ್ನೂ ಒಟ್ಟಿಗೆ ಉಂಡವರು ಎಂದೇ ತಮಗೆ ಬರೆಯುತ್ತಿದ್ದೇನೆ.

ಉಗ್ರನು ಬಂದೂಕು ಇಡುವುದು ಒತ್ತೆಯಾಳಿನ ತಲೆಗೆ. ಅವನಿಗೆ ಬೇಕಿರುವುದು ಊರಲ್ಲಿ ಕುಳಿತ ಮನೆಯವರ ಗೋಳು, ಆ ಗೋಳಿಗೆ ಬಗ್ಗುವ ಸರ್ಕಾರ. 1999ರ ಡಿಸೆಂಬರ್‌ನಲ್ಲಿ ಅಪಹೃತ ಇಂಡಿಯನ್ ಏರ್‌ಲೈನ್ಸ್ ವಿಮಾನ ಐಸಿ-814 ಅಫ್ಘಾನಿಸ್ತಾನದ ಕಂದಹಾರ್‌ನಲ್ಲಿ ನಿಂತಿದ್ದಾಗ ಪ್ರಯಾಣಿಕರ ಬಂಧುಗಳು ದೆಹಲಿಯಲ್ಲಿ ಬೀದಿಗಿಳಿದರು. ಕೊನೆಗೆ ನಮ್ಮ ಜೈಲಿನಲ್ಲಿದ್ದ ಮಸೂದ್ ಅಜರ್ ಸೇರಿ ಮೂವರು ಉಗ್ರರನ್ನು ಬಿಡಬೇಕಾಯಿತು. ಆ ಬಂಧುಗಳ ಒತ್ತಡದಿಂದಲೇ ಹೀಗಾಯಿತೆಂದು ದೂರುವವರು ಇಂದಿಗೂ ಇದ್ದಾರೆ. ಅದು ಅನ್ಯಾಯ. ಮಗನನ್ನು ಉಳಿಸಿಕೊಡಿ ಎನ್ನದ ತಾಯಿ ಎಲ್ಲಿದ್ದಾಳೆ?

ಇರಾಕ್‌ನ ಮೊಸುಲ್‌ನದು ಇನ್ನೂ ಕಹಿ. 2014ರ ಜೂನ್‌ನಲ್ಲಿ ಐಸಿಸ್ ಉಗ್ರರ ಕೈಗೆ ಸಿಕ್ಕ 40 ಭಾರತೀಯ ಕಾರ್ಮಿಕರಲ್ಲಿ ಹೆಚ್ಚಿನವರು ಪಂಜಾಬಿನವರು. ತಪ್ಪಿಸಿಕೊಂಡು ಬಂದ ಒಬ್ಬ, ಉಳಿದ 39 ಮಂದಿಯನ್ನು ಕೊಂದರೆಂದು ಹೇಳಿದ್ದ. ಪುರಾವೆಯಿಲ್ಲದೆ ಸತ್ತರೆನ್ನಲಾಗದು ಎಂಬ ಸರ್ಕಾರದ ನಿಲುವು ನನಗೆ ಅರ್ಥವಾಗುತ್ತದೆ. ಆದರೆ ಮೊಸುಲ್ ಹತ್ತಿರದ ಬಾದುಶ್ ಬಳಿ ಸಿಕ್ಕ ಶವಗಳ ಡಿಎನ್‌ಎ ಮನೆಯವರದರ ಜೊತೆ ಹೊಂದಿದ ಮೇಲೆ, 2018ರ ಮಾರ್ಚ್ 20ರಂದು ಸುದ್ದಿ ಮೊದಲು ಹೋದದ್ದು ರಾಜ್ಯಸಭೆಗೆ. ಎಷ್ಟೋ ಮನೆಯವರಿಗೆ ತಿಳಿದದ್ದು ಟಿವಿಯಿಂದ. ಸುಮಾರು ನಾಲ್ಕು ವರ್ಷ ಕಾದ ಹೆಂಡತಿಗೆ ಒಂದು ಫೋನ್ ಕರೆ ಮೊದಲು ಹೋಗಬಾರದಿತ್ತೇ?

ನಮ್ಮ ರಾಜ್ಯಕ್ಕೂ ಈ ಭಯ ತಟ್ಟಿದೆ. 2015ರ ಜುಲೈನಲ್ಲಿ ಲಿಬಿಯಾದ ಸಿರ್ತ್‌ನಲ್ಲಿ ನಾಲ್ವರು ಭಾರತೀಯ ಅಧ್ಯಾಪಕರನ್ನು ಹಿಡಿದಿಟ್ಟರು. ಕರ್ನಾಟಕದ ಇಬ್ಬರು ಎರಡೇ ದಿನಕ್ಕೆ ಬಿಡುಗಡೆಯಾದರು. ಇನ್ನಿಬ್ಬರು ಬಂದದ್ದು ವರ್ಷ ಕಳೆದ ಮೇಲೆ. 2025ರ ಜುಲೈ 1ರಂದು ಪಶ್ಚಿಮ ಆಫ್ರಿಕಾದ ಮಾಲಿ ದೇಶದ ಕಾಯ್ಸ್‌ನ ಸಿಮೆಂಟ್ ಕಾರ್ಖಾನೆಯಿಂದ ಮತ್ತೆ ಮೂವರು ಭಾರತೀಯರನ್ನು ಎಳೆದೊಯ್ದರು.

ಸಂಧಾನದ ಗುಟ್ಟು ನಾನು ಕೇಳುತ್ತಿಲ್ಲ. ಅದು ಬಯಲಾದರೆ ಜೀವ ಹೋಗುತ್ತದೆ. ನಾನು ಕೇಳುವುದಿಷ್ಟೆ: ತಮ್ಮ ಸಚಿವಾಲಯದಲ್ಲಿ ಒಂದು ಕಾಯಂ ಒತ್ತೆಯಾಳು ವಿಭಾಗ ಇರಲಿ, ಪ್ರತಿ ಮನೆಗೂ ಒಬ್ಬ ಗೊತ್ತಾದ ಅಧಿಕಾರಿ ಇರಲಿ. ಅವರು ಆ ಮನೆಯ ಭಾಷೆಯಲ್ಲೇ ಮಾತಾಡಲಿ, ಹೇಳಲು ಹೊಸತೇನಿಲ್ಲದ ವಾರದಲ್ಲೂ ಕರೆ ಮಾಡಲಿ, ಕೆಟ್ಟ ಸುದ್ದಿಯನ್ನು ಟಿವಿಗಿಂತ ಮೊದಲು ತಿಳಿಸಲಿ. ಅಮೆರಿಕ 2015ರಲ್ಲೇ ಇಂಥ ವ್ಯವಸ್ಥೆ ಮಾಡಿಕೊಂಡಿತು. ಸರ್ಕಾರದ ಮಾತಿನ ಮೇಲೆ ನಂಬಿಕೆಯಿರುವ ಮನೆಯವರನ್ನು ದಾಳವಾಗಿಸುವುದು ಉಗ್ರರಿಗೆ ಸುಲಭವಲ್ಲ. ಹಾಗಾಗಿ ಇದನ್ನು ಬರೀ ಕರುಣೆಯ ಕೆಲಸವೆಂದು ಬದಿಗಿಡಬೇಡಿ.

ಇಂಥ ವಿಭಾಗ ಯಾವಾಗ ಆರಂಭವಾಗುತ್ತದೆಂದು ಸಂಸತ್ತಿನಲ್ಲಿ ತಿಳಿಸಬೇಕೆಂದು ಕೋರುತ್ತೇನೆ.

ಇಂತಿ,
ಕರ್ನಾಟಕದ ಒಬ್ಬ ಮತದಾರ