ಲೈಬ್ರರೀಲಿ ಪಾಠ ಹೇಳ್ಕೊಟ್ಟ ಆ ಅಕ್ಕನಿಗೆ

ಅಕ್ಕಾ, ನಿಮ್ ಹೆಸರು ಕೇಳೋದೇ ಮರ್ತೋಯ್ತು, ಅದಕ್ಕೇ ಇಲ್ಲಿ ಬರೀತಿದೀನಿ, ಯಾರಾದ್ರೂ ನಿಮಗೆ ತೋರಿಸ್ಲಿ ಅಂತ. ಸೆಕೆಂಡ್ ಪಿಯುಸಿ ಕನ್ನಡ ಎಕ್ಸಾಮ್‌ಗೆ ಹತ್ತೇ ದಿನ ಇತ್ತು, ತೇಜಸ್ವಿಯವರ 'ಕೃಷ್ಣೇಗೌಡನ ಆನೆ' ಗೈಡ್ ಇಟ್ಕೊಂಡು ಬಾಯಿಪಾಠ ಮಾಡ್ತಾ ಕೂತಿದ್ದೆ, ಒಂದೂ ತಲೆಗೆ ಹೋಗ್ತಿರ್ಲಿಲ್ಲ, ಕಣ್ಣಲ್ಲಿ ನೀರು ಬರೋದೊಂದು ಬಾಕಿ. ನೀವು ನಿಮ್ ಓದೋದು ಬಿಟ್ಟು ಪಕ್ಕ ಬಂದು ಕೂತು 'ಗೈಡ್ ಮುಚ್ಚಮ್ಮ, ಕಥೆ ಓದು' ಅಂದ್ರಿ.

ಆಮೇಲೆ ಕೇಳಿದ್ರಲ್ಲ, ಊರಲ್ಲಿ ಏನೇ ಕೆಟ್ರೂ ಎಲ್ರೂ ಆನೆ ಮೇಲೇ ಯಾಕೆ ಹಾಕ್ತಾರೆ ಅಂತ? ಅಲ್ಲೇ ನಂಗೆ ಇಡೀ ಕಥೆ ತೆರ್ಕೊಂಡಿದ್ದು. ಅಲ್ಲೀತನಕ ಲೈನ್‌ಮನ್ ದುರ್ಗಪ್ಪ, ಫಾರೆಸ್ಟ್‌ನ ನಾಗರಾಜ, ಮಾವುತ ವೇಲಾಯುಧ ಎಲ್ಲಾ ಬರೀ ಎರಡು ಮಾರ್ಕಿನ ಹೆಸರುಗಳಾಗಿದ್ರು. ಒಂದು ಹಾಳೇಲಿ ಯಾರು ಯಾವ ತಪ್ಪನ್ನ ಆನೆ ತಲೆಗೆ ಕಟ್ಟಿದ್ರು ಅಂತ ಬರ್ಸಿದ್ರಿ, ಬರೀತಾ ಬರೀತಾ ಇಲಾಖೆ ಇಲಾಖೆ ಜಗಳಾನೂ ಅರ್ಥ ಆಯ್ತು, ಮಠದಿಂದ ಬಂದ ಆ ಆನೆ ಗೌರಿ ಬಗ್ಗೆ ಪಾಪ ಅಂತಾನೂ ಅನ್ಸ್ತು. ದೀರ್ಘಗದ್ಯ ಅಂದ್ರೆ ಹೆದರೋ ನಾನು ಮನೆಗ್ ಹೋಗಿ ಅಜ್ಜಿಗೆ ಪೂರ್ತಿ ಓದಿ ಹೇಳ್ದೆ, ಅಜ್ಜಿ ನಕ್ಕೂ ನಕ್ಕೂ ಸುಸ್ತು.

ಎಕ್ಸಾಮ್ ಚೆನ್ನಾಗಾಯ್ತು ಅಕ್ಕ, ಆನೆ ಪ್ರಶ್ನೆಗೆ ನನ್ನ ಮಾತಲ್ಲೇ ಬರ್ದೆ. ಆ ಹಾಳೆ ಇನ್ನೂ ಪುಸ್ತಕದೊಳಗೇ ಇದೆ. ತುಂಬಾ ತುಂಬಾ ಥ್ಯಾಂಕ್ಸ್. ಈಗ ಪುಸ್ತಕದಂಗಡಿಗೆ ಹೋಗಿ ತೇಜಸ್ವಿಯವರದೇ 'ಕಿರಗೂರಿನ ಗಯ್ಯಾಳಿಗಳು' ತಗೊಂಡಿದೀನಿ, ಸಿಕ್ಕಿದ್ರೆ ನಿಮ್ ಜೊತೆ ಮಾತಾಡ್ಬೇಕು.