ಬಾವಿಯ ಬಳಿ ಉರಿಯುವ ಅನಿಲ: ಮಗಳಿಗೊಂದು ಪತ್ರ

ಚಿರಂಜೀವಿ ಮಗಳಿಗೆ ಬಳ್ಳಾರಿಯಿಂದ ನಿನ್ನ ಅಪ್ಪ ಮಾಡುವ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ.

ತೈಲ ಬಾವಿಗಳ ಬಳಿ ಹಗಲಿರುಳೂ ಉರಿಯುವ ಜ್ವಾಲೆಯನ್ನು ಕಂಡು, ಅಷ್ಟು ಅನಿಲವನ್ನು ಸುಡುವ ಬದಲು ಯಾರಿಗಾದರೂ ಮಾರಬಾರದೇ ಎಂದು ನೀನು ಅಸ್ಸಾಮಿನ ದುಲಿಯಾಜಾನ್‌ನಿಂದ ಕೇಳಿದ್ದೆ. ಫೋನಿನಲ್ಲಿ ಅದಕ್ಕೆ ಅರ್ಧ ಉತ್ತರವನ್ನಷ್ಟೇ ಕೊಟ್ಟೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಗ್ಯಾಸ್ ವಿಭಾಗದಲ್ಲಿ ಇಷ್ಟು ವರ್ಷ ದುಡಿದವನಿಗೆ ಈ ಪ್ರಶ್ನೆ ಹೊಸದಲ್ಲವಾದ್ದರಿಂದ, ಉಳಿದದ್ದನ್ನು ಬರೆಯುತ್ತಿದ್ದೇನೆ.

ನೆಲದಾಳದ ಶಿಲಾಪದರದಲ್ಲಿ ಒತ್ತಡ ಹೆಚ್ಚಿರುವವರೆಗೆ ಮೀಥೇನ್, ಈಥೇನ್, ಪ್ರೋಪೇನ್, ಬ್ಯೂಟೇನ್‌ಗಳು ಕಚ್ಚಾ ತೈಲದಲ್ಲಿ ಕರಗಿಕೊಂಡೇ ಇರುತ್ತವೆ. ಕೆಲವೆಡೆ ತೈಲದ ಮೇಲೆ ಪ್ರತ್ಯೇಕ ಅನಿಲ ಪದರವೂ ಇರುತ್ತದೆ. ತೈಲ ಮೇಲೇರುತ್ತಾ ಒತ್ತಡ ಇಳಿದಂತೆ ಅನಿಲ ಹೊರಬೀಳುತ್ತದೆ. ವಾಸ್ತವವಾಗಿ ಅನೇಕ ಬಾವಿಗಳಲ್ಲಿ ತೈಲವನ್ನು ಮೇಲಕ್ಕೆ ನೂಕುವ ಶಕ್ತಿಯೇ ಈ ಅನಿಲದ್ದು. ಆದ್ದರಿಂದ ತೈಲ ಬೇಕು, ಅನಿಲ ಬೇಡ ಎನ್ನುವ ಆಯ್ಕೆ ಬಾವಿ ತೋಡಿದವರಿಗೆ ಇರುವುದಿಲ್ಲ.

ತೊಡಕು ಶುರುವಾಗುವುದು ತೈಲ, ಅನಿಲಗಳನ್ನು ಬೇರ್ಪಡಿಸುವ ಸೆಪರೇಟರ್ ದಾಟಿದ ಮೇಲೆ. ತೈಲವನ್ನು ಟ್ಯಾಂಕಿನಲ್ಲಿ ತುಂಬಿಟ್ಟು, ಲಾರಿ ಬರುವವರೆಗೆ ನಾಲ್ಕು ದಿನ ಕಾಯಬಹುದು. ಅನಿಲಕ್ಕೆ ಆ ತಾಳ್ಮೆಯಿಲ್ಲ. ಹೊರಬಂದ ಗಳಿಗೆಯಲ್ಲೇ ಅದಕ್ಕೆ ಕೊಳವೆ, ಒತ್ತಿ ತಳ್ಳುವ ಕಂಪ್ರೆಸರ್ ಮತ್ತು ಕೊಳವೆಯ ಆ ತುದಿಯಲ್ಲಿ ಕೊಳ್ಳುವವರು ಮೂವರೂ ಸಿದ್ಧವಾಗಿರಬೇಕು. ಒಂದು ತಪ್ಪಿದರೂ ನೀನು ಕಂಡ ಆ ಜ್ವಾಲೆಗೆ, ಅಂದರೆ ಫ್ಲೇರ್‌ಗೆ ಕಳುಹಿಸದೆ ಗತ್ಯಂತರವಿಲ್ಲ, ಏಕೆಂದರೆ ಸುಡದೆ ಹಾಗೆಯೇ ಬಿಡುವುದು ಇನ್ನೂ ಕೆಟ್ಟದ್ದು: ಇಪ್ಪತ್ತು ವರ್ಷಗಳ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡ್‌ಗಿಂತ ಎಂಬತ್ತು ಪಟ್ಟಿಗೂ ಹೆಚ್ಚು ಶಾಖವನ್ನು ಹಿಡಿದಿಡುತ್ತದೆ. ಸುಟ್ಟರೂ ಎಲ್ಲವೂ ಸುಡುವುದಿಲ್ಲ. ಫ್ಲೇರ್‌ಗಳು ಮೀಥೇನಿನ ಶೇ. 98ರಷ್ಟನ್ನು ನಾಶಮಾಡುತ್ತವೆಂದು ಅಮೆರಿಕದಲ್ಲಿ ಬಹುಕಾಲ ನಂಬಿದ್ದರು. ವಿಮಾನದಲ್ಲಿ ಹಾರಾಡಿ ಅಳೆದು ನೋಡಿದಾಗ, ಆರಿಹೋದ ಫ್ಲೇರ್‌ಗಳನ್ನೂ ಸೇರಿಸಿ, ಅದು ಸುಮಾರು ಶೇ. 91 ಎಂದು 2022ರಲ್ಲಿ ತಿಳಿದುಬಂತು.

ನನ್ನನ್ನು ಹೆಚ್ಚು ಕಾಡುವ ಸಂಗತಿ ಬೇರೆ. ಅದಿರಿನಿಂದ ಕಬ್ಬಿಣ ತೆಗೆಯುವ ನಮ್ಮ ಕುಲುಮೆ, ಬ್ಲಾಸ್ಟ್ ಫರ್ನೇಸ್‌ನಿಂದ ಬರುವ ಅನಿಲದಲ್ಲಿ ಅರ್ಧದಷ್ಟು ಉರಿಯದ ಸಾರಜನಕ. ಒಂದು ಘನ ಮೀಟರಿಗೆ ಎಂಟು ಒಂಬತ್ತು ನೂರು ಕಿಲೋಕ್ಯಾಲೊರಿ ಸಿಕ್ಕರೆ ಅದೇ ದೊಡ್ಡದು, ಮೇಲಾಗಿ ಅದು ವಿಷಾನಿಲ. ಆದರೂ ಅದನ್ನು ತೊಳೆದು, ಹೋಲ್ಡರ್ ಎಂಬ ದೊಡ್ಡ ತೊಟ್ಟಿಯಲ್ಲಿ ಹಿಡಿದು, ಕುಲುಮೆಗೆ ಊದುವ ಗಾಳಿಯನ್ನು ಕಾಯಿಸಲು ಮತ್ತು ವಿದ್ಯುತ್ ಬಾಯ್ಲರ್‌ಗಳಿಗೆ ಬಳಸುತ್ತೇವೆ. ನಿನ್ನ ಕಣ್ಣೆದುರು ಉರಿಯುವ ಅನಿಲದಲ್ಲಿ ಅದರ ಹತ್ತು ಪಟ್ಟು ಕಾವಿದೆ. ಬಡ ಅನಿಲಕ್ಕೆ ಬೆಲೆ ಬಂದು ಸಿರಿವಂತ ಅನಿಲ ಬೆಂಕಿಗೆ ಬಿದ್ದದ್ದು ಗುಣದ ಕಾರಣಕ್ಕಲ್ಲ. ನಮ್ಮಲ್ಲಿ ಬಳಸುವವನು ಕಾಂಪೌಂಡಿನ ಒಳಗೇ ಇದ್ದಾನೆ, ಚದುರಿದ ಬಾವಿಗಳ ಹತ್ತಿರ ಅವನಿಲ್ಲ. ಹಾಗೆಂದು ನಮ್ಮಲ್ಲಿ ಫ್ಲೇರ್ ಇಲ್ಲವೆಂದುಕೊಳ್ಳಬೇಡ; ಬಾಯ್ಲರ್ ನಿಂತ ದಿನ ನಮ್ಮದೂ ಉರಿಯುತ್ತದೆ.

ಬಳಸುವವರನ್ನು ಹತ್ತಿರಕ್ಕೆ ತಂದ ಉದಾಹರಣೆಗೆ ನೀನು ದೂರ ಹೋಗಬೇಕಾಗಿಲ್ಲ. 1953ರಲ್ಲಿ ನಾಹರ್‌ಕಟಿಯಾದಲ್ಲಿ ತೈಲ ಸಿಕ್ಕ ಮೇಲೆ, ಅದರೊಂದಿಗೆ ಬಂದ ಅನಿಲವನ್ನು ನಂಬಿಯೇ ಪಕ್ಕದ ನಾಮ್‌ರೂಪ್‌ನಲ್ಲಿ ವಿದ್ಯುತ್ ಕೇಂದ್ರವೂ ರಸಗೊಬ್ಬರ ಕಾರ್ಖಾನೆಯೂ ಹುಟ್ಟಿದವು. ಅಲ್ಲಿನ ಚಹಾ ತೋಟಗಳು ಎಲೆ ಒಣಗಿಸುವುದಕ್ಕೂ ಕೊಳವೆಯ ಅನಿಲವನ್ನು ಪಡೆಯುತ್ತವೆ. 1974ರಲ್ಲಿ ಮುಂಬೈ ಕರಾವಳಿಯಾಚೆ ಸಮುದ್ರದಲ್ಲಿ ಪತ್ತೆಯಾದ ಬಾಂಬೆ ಹೈ ತೈಲಕ್ಷೇತ್ರದ ಅನಿಲ ಸಮುದ್ರದಡಿಯ ಕೊಳವೆಯಲ್ಲಿ ಮುಂಬೈ ಬಳಿಯ ಉರಾನ್‌ಗೆ ಬರುತ್ತದೆ, ಅಲ್ಲಿ ಅದರಿಂದ ಪ್ರೋಪೇನ್, ಬ್ಯೂಟೇನ್ ಬೇರ್ಪಡಿಸಿ ಅಡುಗೆ ಅನಿಲ ಮಾಡುತ್ತಾರೆ. ನಾರ್ವೆಯವರು ಇನ್ನೂ ಮುಂದಾಲೋಚನೆ ತೋರಿದರು: ತೈಲ ಉತ್ಪಾದನೆ ಆರಂಭವಾದ 1971ರಲ್ಲೇ, ಬಳಸಬಹುದಾದ ಅನಿಲವನ್ನು ಅಲ್ಪಾವಧಿಯ ಪರೀಕ್ಷೆಗಳ ಹೊರತು ಸುಡಬಾರದೆಂಬುದನ್ನು ತಮ್ಮ ತೈಲ ನೀತಿಯ ಹತ್ತು ಸೂತ್ರಗಳಲ್ಲಿ ಒಂದಾಗಿಸಿಕೊಂಡರು. ಮಾರಲಾಗದ್ದನ್ನು ಮತ್ತೆ ಶಿಲಾಪದರಕ್ಕೇ ಒತ್ತಿದರೆ ಒತ್ತಡ ಉಳಿದು ತೈಲವೂ ಹೆಚ್ಚು ಸಿಗುತ್ತದೆಂಬ ಲಾಭವೂ ಇತ್ತು.

ಉಳಿದ ಲೋಕದ ಲೆಕ್ಕ ಹಾಗಿಲ್ಲ. ವಾಡಿಕೆಯ ಫ್ಲೇರಿಂಗನ್ನು 2030ರೊಳಗೆ ನಿಲ್ಲಿಸುವ ಉಪಕ್ರಮವನ್ನು ವಿಶ್ವಬ್ಯಾಂಕ್ 2015ರಲ್ಲಿ ಆರಂಭಿಸಿತು. ಆದರೂ 2023ರಲ್ಲಿ ಜಗತ್ತಿನಾದ್ಯಂತ ಸುಮಾರು 14,800 ಕೋಟಿ ಘನ ಮೀಟರ್ ಸುಟ್ಟುಹೋಯಿತು. ಇಡೀ ಭಾರತ ಒಂದು ವರ್ಷದಲ್ಲಿ ಬಳಸುವ ನೈಸರ್ಗಿಕ ಅನಿಲದ ಎರಡು ಪಟ್ಟಿಗಿಂತ ಇದು ಹೆಚ್ಚು. ಅನಿಲದ ದಾರಿ ತೋರಿಸದೆ ತೈಲ ತೆಗೆಯಲು ಅನುಮತಿಯನ್ನೇ ಕೊಡಬಾರದೆಂದು ನನ್ನ ಅಭಿಪ್ರಾಯ. ತೈಲ ಹರಿದು ಹಣ ಬರತೊಡಗಿದ ಮೇಲೆ ಕೊಳವೆ ಹಾಕುವ ಅವಸರ ಯಾರಿಗೂ ಇರುವುದಿಲ್ಲ.

ಮುಂದಿನ ಬಾರಿ ತೈಲ ಸಂಗ್ರಹ ಕೇಂದ್ರಕ್ಕೆ ಹೋದಾಗ, ಫ್ಲೇರ್‌ಗೆ ಹೋಗುವ ಕೊಳವೆ ಯಾವ ಸೆಪರೇಟರ್‌ನಿಂದ ಹೊರಡುತ್ತದೆಂದು ನೋಡು. ಹೆಚ್ಚಿನ ಒತ್ತಡದ ಅನಿಲ ತಾನಾಗಿಯೇ ಗ್ರಾಹಕನವರೆಗೆ ಹೋಗಬಲ್ಲದು; ಕೊನೆಯ ಹಂತದಲ್ಲಿ ಬಿಡುಗಡೆಯಾಗುವ ಕಡಿಮೆ ಒತ್ತಡದ ಅನಿಲಕ್ಕೆ ಒತ್ತಡ ಏರಿಸುವ ಬೂಸ್ಟರ್ ಕಂಪ್ರೆಸರ್ ಬೇಕು, ಸಾಮಾನ್ಯವಾಗಿ ಸುಟ್ಟುಹೋಗುವುದೂ ಅದೇ. ಅಲ್ಲಿ ಸ್ಟ್ಯಾಂಡ್‌ಬೈ ಕಂಪ್ರೆಸರ್ ಇದೆಯೇ, ಫ್ಲೇರ್ ಲೈನಿಗೆ ಮೀಟರ್ ಇದೆಯೇ ಎಂದು ವಿಚಾರಿಸಿ ನನಗೆ ಬರೆ.

ಇಂತಿ,
ನಿನ್ನ ಅಪ್ಪ